ಸ್ಥಾನಸಂಖ್ಯೆಗಳನ್ನು ಕೂಡಿಸಬೇಡಿ: ಆಲ್ಕೇನ್ ನಾಮಕರಣ ಕಲಿಸುವಾಗ ಕಂಡದ್ದು

ಮಡಿಕೇರಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ, ಪ್ರಥಮ ಪಿಯುಸಿಯ ಪಾಠಗಳಲ್ಲಿ ಅತ್ಯಂತ ಎಚ್ಚರಿಕೆ ಬೇಡುವ ಭಾಗವೆಂದರೆ ಕವಲು ಸರಪಳಿಯ ಆಲ್ಕೇನ್‌ಗಳ (ಇಂಗಾಲ ಮತ್ತು ಹೈಡ್ರೋಜನ್ ಮಾತ್ರ ಇದ್ದು, ಎಲ್ಲವೂ ಒಂಟಿ ಬಂಧಗಳಿಂದ ಜೋಡಣೆಯಾದ ಸಂಯುಕ್ತಗಳ) ನಾಮಕರಣ. ಮಳೆಗಾಲದಲ್ಲಿ ರಜೆ ಘೋಷಣೆಯಾಗಿ ಅವಧಿಗಳು ಕೈತಪ್ಪುವ ನಮ್ಮ ಜಿಲ್ಲೆಯಲ್ಲಿ ಪಾಠ ಬೇಗ ಮುಗಿಸುವ ಒತ್ತಡ ಎಲ್ಲರ ಮೇಲೂ ಇರುತ್ತದೆ. ಕವಲು ಸರಪಳಿಯ ಎಷ್ಟನೆಯ ಇಂಗಾಲದಲ್ಲಿದೆ ಎಂದು ಹೇಳುವುದೇ ಸ್ಥಾನಸಂಖ್ಯೆ. ಆ ಅವಸರದಲ್ಲಿ ಮಕ್ಕಳ ಕೈಗೆ ಸಿಗುವ ಒಂದು ಅಡ್ಡದಾರಿ, ‘ಸ್ಥಾನಸಂಖ್ಯೆಗಳ ಮೊತ್ತ ಕಡಿಮೆ ಬರುವ ಕಡೆಯಿಂದ ಎಣಿಸಬೇಕು’ ಎಂಬ ಸೂತ್ರ. ಇದು ನಿಯಮವಲ್ಲ ಎಂಬುದನ್ನು ಮೊದಲ ವಾರದಲ್ಲೇ ಮನವರಿಕೆ ಮಾಡಿಕೊಡಬೇಕು ಎಂಬುದೇ ಈ ಬರಹದ ಉದ್ದೇಶ.

ಹೆಸರಿಡಲು ಕಟ್ಟುನಿಟ್ಟಿನ ನಿಯಮ ಏಕೆ ಬೇಕು ಎಂದು ಕೇಳುವ ಮಕ್ಕಳಿಗೆ ನಾನು ಐಸೋಆಕ್ಟೇನ್ ತೋರಿಸುತ್ತೇನೆ. ಎಂಟು ಇಂಗಾಲಗಳ ಆಲ್ಕೇನ್‌ಗೆ 18 ರಚನಾ ಸಮಾಂಗಿಗಳಿವೆ, ಅಂದರೆ ಅವೇ ಪರಮಾಣುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾದ 18 ರೂಪಗಳು. ಅವುಗಳಲ್ಲಿ ಪೆಟ್ರೋಲು ಎಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣವನ್ನು ಅಳೆಯುವ ಆಕ್ಟೇನ್ ಮಾಪನದಲ್ಲಿ 100 ಎಂದು ಹಿಡಿದಿರುವುದು ಒಂದನ್ನು ಮಾತ್ರ, ಆದರೆ ಕವಲೇ ಇಲ್ಲದ ನೇರ ಆಕ್ಟೇನ್‌ನ ಅಂಕ ಸೊನ್ನೆಗಿಂತಲೂ ಕೆಳಗಿದೆ. ‘ಐಸೋಆಕ್ಟೇನ್’ ಎಂದರೆ ಆ 18ರಲ್ಲಿ ಯಾವುದೆಂದು ಹೆಸರಿನಿಂದ ತಿಳಿಯುವುದಿಲ್ಲ. ‘2,2,4-ಟ್ರೈಮೀಥೈಲ್‌ಪೆಂಟೇನ್’ (ಐದು ಇಂಗಾಲಗಳ ಸರಪಳಿ, ಅದರ 2, 2, 4ನೆಯ ಸ್ಥಾನಗಳಲ್ಲಿ ಒಂದೊಂದು ಇಂಗಾಲದ ಮೀಥೈಲ್ ಕವಲು) ಎಂದರೆ ಯಾವ ದೇಶದವರು ಬರೆದರೂ ಒಂದೇ ರಚನೆ ಬರುತ್ತದೆ. 1892ರ ಜಿನೀವಾ ಸಭೆ ಆರಂಭಿಸಿದ್ದೂ, 1919ರಲ್ಲಿ ಹುಟ್ಟಿದ, ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಇಂದಿಗೂ ಮುಂದುವರಿಸಿಕೊಂಡು ಬಂದಿರುವುದೂ ಇದೇ ಕೆಲಸವನ್ನು.

ಮೊದಲ ಎಡವು ಸರಪಳಿಯ ಆಯ್ಕೆಯಲ್ಲಿಯೇ ಆಗುತ್ತದೆ. ಅತಿ ಉದ್ದದ ಇಂಗಾಲದ ಸರಪಳಿಯೇ ಮುಖ್ಯ ಸರಪಳಿ. ಆದರೆ ಹಲಗೆಯ ಮೇಲೆ ಅಡ್ಡಗೆರೆಯಾಗಿ ಕಾಣುವುದೇ ಮುಖ್ಯ ಸರಪಳಿ ಎಂದು ಕಣ್ಣು ನಂಬಿಬಿಡುತ್ತದೆ. ಸಂಪಾಜೆ ಘಾಟಿಯಲ್ಲಿ ಎಷ್ಟು ತಿರುವುಗಳಿದ್ದರೂ ಮಂಗಳೂರಿನ ರಸ್ತೆ ಒಂದೇ ಆಗಿರುವಂತೆ, ಇಂಗಾಲದ ಸರಪಳಿ ಕೆಳಕ್ಕೆ ಬಾಗಿದರೂ ಮೇಲಕ್ಕೆ ತಿರುಗಿದರೂ ಅದೇ ಸರಪಳಿ ಎಂದು ನಾನು ಹೇಳುತ್ತೇನೆ. ಅಡ್ಡಗೆರೆಯನ್ನಷ್ಟೇ ಎಣಿಸಿದ ಮಗು ‘2-ಈಥೈಲ್‌ಪೆಂಟೇನ್’ ಎಂದು ಬರೆಯುತ್ತದೆ. ಕೆಳಗೆ ಇಳಿದಿರುವ ಈಥೈಲ್ ಗುಂಪಿನ ಎರಡು ಇಂಗಾಲಗಳನ್ನೂ ಸರಪಳಿಗೆ ಸೇರಿಸಿಕೊಂಡರೆ ಅದು 3-ಮೀಥೈಲ್‌ಹೆಕ್ಸೇನ್ ಆಗುತ್ತದೆ. ಆಲ್ಕೇನ್‌ನ ಹೆಸರಿನಲ್ಲಿ ಎರಡನೆಯ ಸ್ಥಾನದ ಈಥೈಲ್ ಅಥವಾ ಒಂದನೆಯ ಸ್ಥಾನದ ಮೀಥೈಲ್ ಕಂಡರೆ, ರಚನೆಯನ್ನು ನೋಡದೆಯೇ ಸರಪಳಿ ತಪ್ಪಿದೆ ಎನ್ನಬಹುದು.

ಇನ್ನು ಸಂಖ್ಯೆ ಕೊಡುವ ವಿಷಯ. ನಾಪೋಕ್ಲಿನಿಂದ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಹಲಗೆಯ ಬಳಿ ಕರೆದು, ಮೂರು ಮೀಥೈಲ್ ಗುಂಪುಗಳಿರುವ ಹತ್ತು ಇಂಗಾಲಗಳ ಸರಪಳಿಯೊಂದನ್ನು ಕೊಟ್ಟೆ. ಅವಳು ಎಡದಿಂದ ಬಿಳಿ ಸೀಮೆಸುಣ್ಣದಲ್ಲಿ, ಬಲದಿಂದ ಕೆಂಪು ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಳು. ಬಿಳಿಯ ಎಣಿಕೆಯಲ್ಲಿ ಕವಲುಗಳು 2, 7, 8ರಲ್ಲಿ ಬಂದವು. ಕೆಂಪಿನಲ್ಲಿ 3, 4, 9ರಲ್ಲಿ.

“ಸರ್, ಬಿಳಿಯದರ ಮೊತ್ತ 17, ಕೆಂಪಿನದು 16. ಹಾಗಾದರೆ ಕೆಂಪೇ ಸರಿಯಲ್ಲವೇ?”

“ಕೂಡಿಸಬೇಡಮ್ಮ. ಎರಡು ಸಾಲುಗಳನ್ನೂ ಒಂದರ ಕೆಳಗೊಂದು ಬರೆದು, ಮೊದಲು ಎಲ್ಲಿ ವ್ಯತ್ಯಾಸ ಬರುತ್ತದೆ ನೋಡು” ಎಂದೆ.

ಮೊದಲ ಸಂಖ್ಯೆಯಲ್ಲೇ 2 ಮತ್ತು 3 ಬೇರೆಯಾಗುತ್ತವೆ, 2 ಚಿಕ್ಕದು, ತೀರ್ಮಾನ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಸಂಖ್ಯೆಗಳು ಎಷ್ಟೇ ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ಆದ್ದರಿಂದ ಅದು 2,7,8-ಟ್ರೈಮೀಥೈಲ್‌ಡೆಕೇನ್. ತಪ್ಪು ಸೂತ್ರ ಇಷ್ಟು ಕಾಲ ಉಳಿದುಕೊಳ್ಳುವುದಕ್ಕೂ ಕಾರಣವಿದೆ: ಕವಲುಗಳು ಒಂದೋ ಎರಡೋ ಇರುವಾಗ ಮೊತ್ತದ ಸೂತ್ರ ಮತ್ತು ನಿಜವಾದ ನಿಯಮ ಯಾವಾಗಲೂ ಒಂದೇ ಉತ್ತರ ಕೊಡುತ್ತವೆ, ಮೂರನೆಯ ಕವಲು ಸೇರಿದಾಗ ಮಾತ್ರ ಅವೆರಡು ಬೇರೆಯಾಗಲು ಸಾಧ್ಯ. ಎರಡು ಕವಲಿನ ಲೆಕ್ಕಗಳನ್ನೇ ಮಾಡಿಸುತ್ತಾ ಹೋದರೆ ಮಗುವಿಗೂ ಶಿಕ್ಷಕರಿಗೂ ದೋಷ ಕಾಣುವುದೇ ಇಲ್ಲ. ಹಾಗಾಗಿ ಅಭ್ಯಾಸದ ಮೊದಲ ಹಾಳೆಯಲ್ಲೇ ಈ ಡೆಕೇನ್‌ನಂಥ ಒಂದು ರಚನೆ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದ ನಿಯಮಗಳು ಇಷ್ಟು ತೊಡಕು ಕೊಡುವುದಿಲ್ಲ. ಸಮಾನ ಉದ್ದದ ಎರಡು ಸರಪಳಿಗಳು ಸಿಕ್ಕರೆ ಹೆಚ್ಚು ಕವಲುಗಳಿರುವುದನ್ನು ಆರಿಸಬೇಕು. 3-ಐಸೋಪ್ರೊಪೈಲ್‌ಪೆಂಟೇನ್ ಎನ್ನದೆ 3-ಈಥೈಲ್-2-ಮೀಥೈಲ್‌ಪೆಂಟೇನ್ ಎನ್ನುವುದು ಇದೇ ಕಾರಣಕ್ಕೆ. ಗುಂಪುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆಯುವಾಗ ಡೈ, ಟ್ರೈ ಎಂಬ ಎಣಿಕೆಯ ಪದಗಳನ್ನು ಬಿಟ್ಟು ನೋಡಬೇಕಾದ್ದರಿಂದ, ಡೈಮೀಥೈಲ್‌ಗಿಂತ ಈಥೈಲ್ ಮೊದಲು ಬರುತ್ತದೆ. ಎರಡೂ ತುದಿಗಳಿಂದ ಒಂದೇ ಸಂಖ್ಯೆಗಳು ಬಂದರೆ, ಅದೇ ಕ್ರಮದಲ್ಲಿ ಮೊದಲಿನ ಗುಂಪಿಗೆ ಚಿಕ್ಕ ಸಂಖ್ಯೆ: 3-ಈಥೈಲ್-6-ಮೀಥೈಲ್‌ಆಕ್ಟೇನ್.

ಹೆಸರು ಬರೆದಾದ ಮೇಲೆ ಪ್ರತಿಯೊಬ್ಬರಿಂದಲೂ ಇಂಗಾಲಗಳನ್ನು ಎಣಿಸಿಸುತ್ತೇನೆ. ಡೆಕೇನ್‌ನ ಹತ್ತು, ಮೂರು ಮೀಥೈಲ್‌ಗಳಿಂದ ಮೂರು, ಒಟ್ಟು 13 ಇಂಗಾಲ. ಹೈಡ್ರೋಜನ್ ಅದರ ಎರಡರಷ್ಟಕ್ಕೆ ಎರಡು ಸೇರಿ 28. ಅನಂತರ ಅಕ್ಕಪಕ್ಕದವರು ಪುಸ್ತಕ ಬದಲಿಸಿಕೊಂಡು, ಪ್ರಶ್ನೆಯ ಚಿತ್ರವನ್ನು ಮುಚ್ಚಿಟ್ಟು, ಹೆಸರೊಂದರಿಂದಲೇ ರಚನೆ ಬಿಡಿಸುತ್ತಾರೆ. ಎರಡು ಚಿತ್ರಗಳು ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಅವರೇ ಕೂತು ಹುಡುಕುತ್ತಾರೆ.