ಸುತ್ತಲೂ ಕಾಡಿರುವ ಶಿರಸಿಯಲ್ಲಿ ಪಾರ್ಕ್ ಯಾಕೆ ಅಂತ ಕೇಳುವವರಿಗೆ

“ನಿಮಗೇನ್ರೀ, ಇಡೀ ಊರೇ ಪಾರ್ಕು. ಅದರಲ್ಲಿ ಮತ್ತೊಂದು ಪಾರ್ಕ್ ಯಾಕೆ ಬೇಕು?”

ಬೇಸಿಗೆ ರಜೆಗೆ ಬರುವ ನೆಂಟರು ಕೇಳುತ್ತಾರೆ. ಹುಬ್ಬಳ್ಳಿಯಿಂದ ಸಹಸ್ರಲಿಂಗ ನೋಡಲು ಬಂದು ನಮ್ಮನೆಯಲ್ಲಿ ಚಾ ಕುಡಿದು ಹೋಗುವವರು ಕೇಳುತ್ತಾರೆ. ಬಡಾವಣೆಯ ಪಾರ್ಕಿಗೊಂದು ನಲ್ಲಿ ಹಾಕಿಸಿಕೊಡಿ ಅಂತ ಅರ್ಜಿ ಹಿಡಿದು ಹೋದರೆ ಮೇಜಿನ ಆಚೆ ಕೂತವರೂ ಅದನ್ನೇ ಕೇಳುತ್ತಾರೆ. ನಾನು ಶಿರಸಿಯಲ್ಲಿ ಬನವಾಸಿ ರಸ್ತೆ ಕಡೆಯ ಒಂದು ಬಡಾವಣೆಯವಳು. ಅಲ್ಲಿನ ಪಾರ್ಕಿನ ಉಸಾಬರಿಯನ್ನು ನಾವು ಕೆಲವು ಮನೆಗಳ ಹೆಂಗಸರು ವಹಿಸಿಕೊಂಡಿದ್ದೇವೆ. ಹಾಗಾಗಿ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಹೇಳಿ ಹೇಳಿ ಬಾಯಿ ಒಣಗಿದೆ. ಒಂದು ಸಲ ಬರೆದುಬಿಡುತ್ತೇನೆ, ಇನ್ನು ಮೇಲೆ ಕೇಳಿದವರು ಇದನ್ನೇ ಓದಿಕೊಳ್ಳಲಿ.

ಇಡೀ ಊರು ಪಾರ್ಕಲ್ಲ. ಕಾರಿನ ಕಿಟಕಿಯಲ್ಲಿ ಕಾಣುವ ಹಸಿರೆಲ್ಲ ಹೋಗಿ ಕೂರುವ ಜಾಗ ಅಂದುಕೊಂಡಿದ್ದರೆ ಇಳಿದು ಒಂದು ತಾಸು ಕೂತು ನೋಡಿ. ಆ ಹಸಿರಿನಲ್ಲಿ ಒಂದು ಪಾಲು ಅಡಿಕೆ ತೋಟ. ಅದಕ್ಕೆ ಬೇಲಿ ಇದೆ, ದಣಪೆ ಇದೆ, ಒಳಗೆ ಕಾಲಿಟ್ಟರೆ “ಯಾರು?” ಅಂತ ಕೇಳುವವರಿದ್ದಾರೆ. ಇನ್ನೊಂದು ಪಾಲು ಸೊಪ್ಪಿನಬೆಟ್ಟ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ಘಟ್ಟದ ಮೇಲೆ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ನಡೆದುಬಂದ ಸವಲತ್ತು. ಭೂಮಿ ಅರಣ್ಯದ್ದು, ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಹಕ್ಕು ತೋಟದವರದ್ದು. ಯಾವ ಮರದವರೆಗೆ ಯಾರ ಬೆಟ್ಟ ಅನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತು. ಉಳಿದದ್ದು ಇಲಾಖೆಯ ಕಾಡು. ಮಳೆಗಾಲದಲ್ಲಿ ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೆ ರಕ್ತ ಹೀರುವ ಉಂಬಳ. ಬೇಸಿಗೆಯಲ್ಲಿ ಉಣ್ಣೆ, ದನದ ಮೈಗೆ ಅಂಟುವ ಆ ಸಣ್ಣ ಹುಳ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಸಿದ್ದಾಪುರದ ಕಡೆಯವರ ನಿದ್ದೆ ಕೆಡಿಸುತ್ತದೆ. ಆ ಉಣ್ಣೆಯ ಭಯಕ್ಕೇ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ತೈಲ ಹಚ್ಚಿಕೊಂಡು ಹೋಗಿ ಅಂತ ಆರೋಗ್ಯ ಇಲಾಖೆಯವರೇ ಮನೆಮನೆಗೆ ಹೇಳಿ ಹೋಗುತ್ತಾರೆ. ಬಸುರಿಯನ್ನು, ಮಂಡಿನೋವಿನ ಮುದುಕರನ್ನು, ಈಗಷ್ಟೇ ನಡೆಯಲು ಕಲಿತ ಮಗುವನ್ನು ಸಂಜೆ ಗಾಳಿಗೆ ಅಂತ ಅಲ್ಲಿಗೆ ಕರೆದುಕೊಂಡು ಹೋಗಲಾ?

ಆ ಕಾಡೂ ತನ್ನಷ್ಟಕ್ಕೆ ಉಳಿದದ್ದಲ್ಲ. 1983ರ ಸೆಪ್ಟೆಂಬರಿನಲ್ಲಿ ಇದೇ ತಾಲೂಕಿನ ಸಾಲ್ಕಣಿ ಕಡೆಯವರು ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ನಮ್ಮಲ್ಲಿ ಹಸಿರು ಧಾರಾಳವಾಗಿದೆಯಲ್ಲ, ಹೋದರೆ ಹೋಗಲಿ ಅಂತ ಅವರೂ ಮನೆಯಲ್ಲಿ ಕೂತಿದ್ದರೆ ನಿಮಗೆ ಕಿಟಕಿಯಲ್ಲಿ ನೋಡಲೂ ಏನೂ ಉಳಿದಿರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೂ ನಗುವವರಿದ್ದಾರೆ. ಒಂದು ಉಪನಯನದ ಊಟದ ಪಂಕ್ತಿಯಲ್ಲಿ ನನ್ನೆದುರು ಕೂತಿದ್ದ, ಬೆಂಗಳೂರಿನಲ್ಲಿರುವ ಭಾವನೊಬ್ಬ ಶುರುಮಾಡಿದ. “ನಿಂಗಕ್ಕೆ ಪಾರ್ಕ್ ಎಂತಕ್ಕೆ ಮಾರಾಯ್ತಿ? ಯಂಗ ಗಿಡ ನೋಡವು ಅಂದ್ರೆ ಲಾಲ್‌ಬಾಗಿಗೆ ಟಿಕೆಟ್ ತಗಳವು.” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನನ್ನ ಅತ್ತೆ, ಅನ್ನಕ್ಕೆ ಅಪ್ಪೆಹುಳಿ ಕಲಸುತ್ತ, ತಲೆ ಎತ್ತದೆ ಕೇಳಿದರು: “ನೀ ಯಾವತ್ತಾರೂ ಬೆಟ್ಟಕ್ಕೆ ಸೊಪ್ಪಿಗೆ ಹೋಗಿದ್ಯ?” ಭಾವ ಸುಮ್ಮನಾದ. ಅವನಿಗೆ ಇನ್ನೊಂದು ಹೋಳಿಗೆ ಬಡಿಸಿ ಎಂದರು ಅತ್ತೆ.

ಆ ಪ್ರಶ್ನೆ ಕೇಳುವ ಅಧಿಕಾರ ಅವರಿಗಿತ್ತು. ಮದುವೆಯಾಗಿ ಬಂದಾಗಿನಿಂದ ಮಂಡಿ ಸೋಲುವ ತನಕ ಅವರು ಬೆಟ್ಟ ಹತ್ತಿದವರು. ಸೊಪ್ಪಿನ ಹೊರೆ, ದರಕು ತುಂಬಿದ ಕಲ್ಲಿ, ಕಟ್ಟಿಗೆ. ಅವರಿಗೆ ಕಾಡು ಅಂದರೆ ದುಡಿಯುವ ಜಾಗ. ವಿರಾಮಕ್ಕೆ ಅಂತ ಅಲ್ಲಿ ಹೋಗಿ ಕೂತವರೇ ಅಲ್ಲ. ವಿರಾಮ ಅಂದರೆ ಮನೆಯ ಜಗಲಿ. ದಾರಿಯಲ್ಲಿ ಹೋಗುವವರು ಎಲೆಯಡಿಕೆ ಕವಳಕ್ಕೆ ಅಂತ ಹತ್ತಿ ಕೂರುವ ಜಗಲಿ. ಮಂಡಿ ಆಪರೇಷನ್ ಆದಮೇಲೆ ಪೇಟೆಯ ನಮ್ಮನೆಗೆ ಬಂದರಲ್ಲ, ಇಲ್ಲಿ ಜಗಲಿಯಿಲ್ಲ. ಕಬ್ಬಿಣದ ಗೇಟು, ಕಾಂಪೌಂಡಿನೊಳಗೆ ಎರಡು ದಾಸವಾಳ, ಹೊರಗೆ ಕಾಂಕ್ರೀಟ್ ರಸ್ತೆ. ಎದುರು ಮನೆಯವರ ಮುಖ ಕಾಣಬೇಕಾದರೂ ಬೆಲ್ ಒತ್ತಬೇಕು. ಜೀವಮಾನವಿಡೀ ಕಾಡಿನ ನಡುವೆ ಬದುಕಿದ ಅವರು ಪಾರ್ಕ್ ಬೇಕು ಅಂದದ್ದು ಶಿರಸಿಗೆ ಬಂದಮೇಲೆ. ಮರ ಕಾಣುವುದಿಲ್ಲ ಅನ್ನುವ ದುಃಖ ಅವರಿಗಿರಲಿಲ್ಲ. ಜನ ಕಾಣುವುದಿಲ್ಲ ಅನ್ನುವುದೇ ಅವರ ಸಂಕಟ.

ಮೊದಲ ಸಲ ಕೋಲು ಊರಿಕೊಂಡು ಬಡಾವಣೆಯ ಪಾರ್ಕಿಗೆ ಬಂದಾಗ ಅವರು ಸುತ್ತ ಕಣ್ಣಾಡಿಸಿ ಕೇಳಿದ್ದು, “ಇದು ಯಾರ ಬೆಟ್ಟನೇ ಕೂಸೆ?”

“ಯಾರ್ದೂ ಅಲ್ಲ ಅತ್ತೆ, ಎಲ್ಲರ್ದೂ.”

“ಹಂಗಾರೆ ಈ ದರಕೆಲ್ಲ ಯಾರು ಒಯ್ತ?”

ಯಾರೂ ಒಯ್ಯುತ್ತಿರಲಿಲ್ಲ. ಗುಡಿಸಿ ಮೂಲೆಯಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತಿದ್ದರು. ಅತ್ತೆ ಆ ಹೊಗೆ ನೋಡಿದ ದಿನ ಮನೆಗೆ ಬಂದು ಸರಿಯಾಗಿ ಊಟ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಗೊಬ್ಬರ ಮಾಡಿ, ಅಡಿಕೆ ಮರದ ಬುಡಕ್ಕೆ ಹಾಕುವ ವಸ್ತು ಅದು. ಅದಕ್ಕಾಗಿ ಅವರು ಬೆನ್ನು ಬಗ್ಗಿಸಿ ಗುಡ್ಡ ಗುಡಿಸಿದ್ದರು. ಮರುದಿನ ಗುಡಿಸಲು ಬರುವ ಹುಡುಗನನ್ನು ಕರೆದು ಕೂರಿಸಿಕೊಂಡು, ಎಷ್ಟು ಉದ್ದ ಎಷ್ಟು ಆಳ ಗುಂಡಿ ತೆಗೆಯಬೇಕು, ಒಂದು ಪದರ ದರಕು ಹಾಕಿ ಮೇಲೆ ಎಷ್ಟು ಸಗಣಿ ನೀರು ಚಿಮುಕಿಸಬೇಕು ಅಂತ ಕೋಲಿನಿಂದ ನೆಲದ ಮೇಲೆ ಗೀರಿ ತೋರಿಸಿದರು. ಮಳೆಗಾಲ ಕಳೆದು ಗುಂಡಿ ತೆರೆದಾಗ ಅದರಲ್ಲಿ ಎಲೆ ಅಂತ ಗುರುತು ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಕರೀ ಮಣ್ಣು, ಎರೆಹುಳ. ಒಂದು ಹಿಡಿ ಎತ್ತಿ, ಹಿಸುಕಿ, ಮೂಸಿ ನೋಡಿ “ಅಡ್ಡಿಲ್ಲೆ” ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ನಾನು ಕೇಳಿಲ್ಲ. ಈಗ ಪಾರ್ಕಿನ ಗಿಡಗಳಿಗೆ ಬೇರೆ ಗೊಬ್ಬರ ತರುವುದಿಲ್ಲ.

ಇಷ್ಟಾದರೂ ನೀವು ಕೇಳುವುದು ಪಾರ್ಕ್ ಯಾಕೆ ಅಂತಲೇ. ನನ್ನನ್ನು ಕೇಳಬೇಕಾದ್ದು ಬೇರೆ: ಮಧ್ಯಾಹ್ನ ಹನ್ನೆರಡೂವರೆಗೆ ಶಿರಸಿ ಪೇಟೆಯಲ್ಲಿ, ಒಂದು ರೂಪಾಯಿ ಖರ್ಚು ಮಾಡದೆ, ಯಾರೂ ಏಳಿಸದ ಹಾಗೆ, ನೆರಳಿನಲ್ಲಿ ಎಲ್ಲಿ ಕೂರಬಹುದು? ಇದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ.

ಶಿರಸಿಗೆ ದಿನಾ ಎಷ್ಟು ಹಳ್ಳಿಗಳ ಜನ ಬರುತ್ತಾರೆ! ಆಸ್ಪತ್ರೆಗೆ, ಕೋರ್ಟಿಗೆ, ತಾಲೂಕು ಕಚೇರಿಗೆ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಟಿಎಸ್ಎಸ್‌ಗೆ ಅಡಿಕೆ ಹಾಕಲಿಕ್ಕೆ. ಕೆಲಸ ಹನ್ನೊಂದಕ್ಕೇ ಮುಗಿಯುತ್ತದೆ, ಊರಿನ ಬಸ್ಸು ಇರುವುದು ಮೂರೂವರೆಗೆ. ಆಸ್ಪತ್ರೆಯ ಫೈಲು, ಮಾತ್ರೆ ತುಂಬಿದ ಪ್ಲಾಸ್ಟಿಕ್ ಚೀಲ, ಮಡಿಲಲ್ಲಿ ಜ್ವರದ ಮಗು ಇಟ್ಟುಕೊಂಡು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತ ಹೆಂಗಸರನ್ನು ನೀವು ನೋಡಿಲ್ಲವೇ? ಅಂಗಡಿ ತೆರೆದರೆ ಅಲ್ಲಿಂದಲೂ ಏಳಬೇಕು. ಒಂದು ಚಾ ತೆಗೆದುಕೊಂಡು ಹೋಟೆಲಿನಲ್ಲಿ ಎಷ್ಟು ಹೊತ್ತು ಕೂತಾರು? ಆ ಹೊತ್ತಿಗೆ ಸರಿಯಾಗಿ ಪಾರ್ಕುಗಳ ಗೇಟಿಗೆ ಬೀಗ. ಬೆಳಿಗ್ಗೆ ತೆರೆಯುತ್ತದೆ, ವಾಕಿಂಗ್ ಮಾಡುವವರಿಗೆ. ಸಂಜೆ ತೆರೆಯುತ್ತದೆ, ಮತ್ತೆ ಅವರಿಗೇ. ಮಧ್ಯಾಹ್ನ ಹೋಗಲು ಮನೆ ಇರುವವರಿಗಾಗಿ ಪಾರ್ಕು, ಮನೆ ದೂರ ಇರುವವರಿಗೆ ಬೀಗ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ನಮ್ಮ ಪಾರ್ಕಿನ ಬೀಗ ತೆಗೆಸಲು ಮನೆಮನೆ ತಿರುಗಿ ಒಪ್ಪಿಸಬೇಕಾಯಿತು. ಕುಡಿಯುವವರು ಬಂದು ಬಾಟಲಿ ಎಸೆಯುತ್ತಾರೆ ಅಂದರು. ಬೀಗ ಇದ್ದಾಗಲೂ ಬಾಟಲಿ ಬೀಳುತ್ತಿದ್ದವು, ಕಾಂಪೌಂಡ್ ಹಾರಿ ಬಂದವರಿಂದ. ಹಗಲಿಡೀ ಹೆಂಗಸರು ಮಕ್ಕಳು ಕೂತಿರುವ ಜಾಗಕ್ಕೆ ಅಂಥವರು ಬರುವುದು ಕಡಿಮೆಯಾಯಿತೇ ಹೊರತು ಹೆಚ್ಚಾಗಲಿಲ್ಲ. ದನ ನುಗ್ಗುತ್ತವೆ ಅಂದರು. ಜನ ತಿರುಗಿ ಒಳಗೆ ಬರಬಹುದಾದ, ದನ ಬರಲಾಗದ ಕಿರುಗೇಟು ಮಾಡಿಸಿದೆವು.

ಊರೊಳಗಿನ ಹಸಿರು ಅಂದರೆ ಬಡಾವಣೆಯ ಪಾರ್ಕ್ ಒಂದೇ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊರ ನಡುವೆ ದೇವಿಕೆರೆ ಇದೆ, ಮಾರಿಕಾಂಬೆಯ ಮೂರ್ತಿ ಸಿಕ್ಕಿದ್ದು ಅಲ್ಲೇ ಅನ್ನುವುದು ಊರವರ ನಂಬಿಕೆ. ಕೋಟೆಕೆರೆ ಇದೆ. ಶಂಕರಹೊಂಡ ಇದೆ. ಈ ಶಂಕರಹೊಂಡಕ್ಕೆ ನೆಂಟರನ್ನು ಕರೆದುಕೊಂಡು ಹೋದರೆ “ಇಷ್ಟೇನಾ?” ಅನ್ನುತ್ತಾರೆ. ಇಷ್ಟೇ. ಆದರೆ ಅಘನಾಶಿನಿ ಹುಟ್ಟುವ ಜಾಗಗಳಲ್ಲಿ ಅದೂ ಒಂದು. ಪೇಟೆಯೊಳಗಿಂದ ಹೊರಟ ನೀರು ಮಂಜುಗುಣಿ ಕಡೆಯ ಕವಲನ್ನು ಕೂಡಿಕೊಂಡು, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಎಲ್ಲೂ ಒಂದು ಅಣೆಕಟ್ಟಿಗೂ ಸಿಗದೆ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಆ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಚಿಪ್ಪಿಕಲ್ಲು ಆರಿಸಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ರಾಮ್ಸಾರ್ ಮನ್ನಣೆ, ಇಲ್ಲಿ ಹೊಂಡದ ದಂಡೆಯಲ್ಲಿ ಬಿಸ್ಕೀಟಿನ ಕವರು. ಊರೊಳಗಿನ ಹಸಿರನ್ನು ಲೆಕ್ಕಕ್ಕೇ ಹಿಡಿಯದ ಅಭ್ಯಾಸ ಇದೆಯಲ್ಲ, “ಕಾಡಿದೆಯಲ್ಲ ಬಿಡಿ” ಅನ್ನುವ ಮಾತು ಬರುವುದೂ ಅಲ್ಲಿಂದಲೇ.

ಇನ್ನೊಂದು ಸಂಗತಿ, ಪಾರ್ಕ್ ಮಾಡುವವರಿಗೆ. ಶಿರಸಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮಳೆ ಹೊಯ್ಯುತ್ತದೆ. ಆ ನಾಲ್ಕು ತಿಂಗಳು ಸಿಮೆಂಟ್ ಬೆಂಚಿನ ಮೇಲೆ ಪಾಚಿ ಕಟ್ಟುತ್ತದೆ, ಟೈಲ್ಸ್ ಮೇಲೆ ಕಾಲಿಟ್ಟವರು ಜಾರುತ್ತಾರೆ. ಬಯಲುಸೀಮೆಯ ಪಟ್ಟಣದ ನಕ್ಷೆಯನ್ನೇ ತಂದು ಇಲ್ಲಿ ಹಾಸಿದರೆ ವರ್ಷದಲ್ಲಿ ಮೂರನೇ ಒಂದು ಪಾಲು ಪಾರ್ಕು ಇದ್ದೂ ಇಲ್ಲ. ನಮಗೆ ಬೇಕಾದ್ದು ಕಾರಂಜಿಯಲ್ಲ, ಹುಲ್ಲುಹಾಸಲ್ಲ. ಹೆಂಚಿನ ಮಾಡು, ಅದರಡಿ ಮೂರು ಬದಿ ತೆರೆದ ಉದ್ದನೆಯ ಜಗಲಿ, ಗೋಡೆಗೆ ಒರಗಿ ಕೂರುವಷ್ಟು ಅಗಲ. ಇಳಿಜಾರಿನ ಬದಿಯಲ್ಲಿ ನೀರು ಹೋಗಲು ಸರಿಯಾದ ಚರಂಡಿ. ಕಾಲುದಾರಿಗೆ ಒರಟು ಕಲ್ಲು.

ಗಿಡಗಳ ವಿಷಯವೂ ಅಷ್ಟೇ. ಪಾಮ್ ನೆಟ್ಟರೆ ಅದಕ್ಕೆ ನೆರಳಿಲ್ಲ, ಅಕೇಶಿಯಾಕ್ಕೆ ಹಕ್ಕಿಯ ಹಣ್ಣಿಲ್ಲ. ನಮ್ಮ ಪಾರ್ಕಿನಲ್ಲಿ ಈಗ ರಂಜಲು, ನೇರಲೆ, ವಾಟೆ, ಮುರುಗಲು ಏಳುತ್ತಿವೆ. ಒಂದು ಸುರಗಿ ಇದೆ, ಅತ್ತೆಯ ಹಟಕ್ಕೆ ತವರಿನಿಂದ ಬಂದದ್ದು. ಸುರಗಿ ಹೂವಿಗೆ ಒಣಗಿದ ಮೇಲೂ ವಾಸನೆ ಹೋಗುವುದಿಲ್ಲ; ಅದು ಹೂ ಬಿಡುವ ತನಕ ಯಾರೂ ಅದರ ಹತ್ತಿರ ಕತ್ತಿ ತರಬಾರದು ಅಂತ ಅವರು ಎಲ್ಲರಿಗೂ ತಾಕೀತು ಮಾಡಿಟ್ಟಿದ್ದಾರೆ. ಅರಣ್ಯ ಕಾಲೇಜು ನಮ್ಮ ಊರಲ್ಲೇ, ನಮ್ಮ ರಸ್ತೆಯಲ್ಲೇ ಇದೆ. ಯಾವ ಗಿಡ ಎಲ್ಲಿ ಬದುಕುತ್ತದೆ ಅಂತ ಕೇಳಲು ದೂರ ಹೋಗಬೇಕಿಲ್ಲ.

ಬಡಾವಣೆಯ ನಕ್ಷೆಯಲ್ಲಿ ಉದ್ಯಾನ ಅಂತ ಬಿಟ್ಟ ಜಾಗ ಯಾರದೋ ಔದಾರ್ಯವಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲಿಕ್ಕೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಸುತ್ತ ಕಾಡಿರುವ ತಾಲೂಕಿಗೆ ಅದು ಬೇಡ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಅರ್ಜಿಯನ್ನು ಮತ್ತೆ ಬರೆದಿದ್ದೇವೆ. ನಲ್ಲಿಯ ಜೊತೆಗೆ ಈ ಸಲ ಮಾಡಿನ ಜಗಲಿಯನ್ನೂ ಸೇರಿಸಿದ್ದೇವೆ, ಮತ್ತು ಊರಿನ ಪಾರ್ಕುಗಳನ್ನೆಲ್ಲ ಮಧ್ಯಾಹ್ನವೂ ತೆರೆದಿಡಿ ಅಂತ ಕೇಳಿದ್ದೇವೆ. ಹಾಳೆ ಸಂಜೆ ಹೊತ್ತು ಪಾರ್ಕಿನಲ್ಲಿ ಅತ್ತೆಯ ಹತ್ತಿರ ಇರುತ್ತದೆ. ಶಿರಸಿಯವರಾದರೆ ಬಂದು ಸಹಿ ಹಾಕಿ. ಪೆನ್ನು ನೀವೇ ತನ್ನಿ.