ಕೂಲಿಯವನ ಆ ಒಂದು ರಾತ್ರಿ

ತಪಸ್ಸುಕಾಲ ಹತ್ತಿರ ಬಂದಾಗ ಕ್ರೈಸ್ತ ವಿಶ್ವಾಸಿಗಳ ನಡುವೆ ಒಂದೇ ಮಾತು: ಈ ಸಲ ಏನನ್ನು ಬಿಡುವುದು? ಬೂದಿ ಬುಧವಾರದಿಂದ ಈಸ್ಟರ್ ತನಕ, ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 40 ದಿನ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಸಿಹಿ ಬಿಡುತ್ತಾರೆ, ಮೊಬೈಲನ್ನು ಬದಿಗಿಡುವವರೂ ಇದ್ದಾರೆ. ಈ ವ್ರತಗಳ ಬಗ್ಗೆ ನನಗೆ ಗೌರವವಿದೆ. ಹೊಟ್ಟೆ ತುಂಬಿದಾಗ ಅಡಗಿ ಕುಳಿತಿದ್ದ ಸಿಡುಕು, ಅಸಹನೆ, ಹಟ ಎಲ್ಲವೂ ಉಪವಾಸದ ದಿನ ತಾವಾಗಿಯೇ ಹೊರಗೆ ಬರುತ್ತವೆ. ಅವುಗಳನ್ನು ಕಾಣುವುದೇ ಒಂದು ಕೃಪೆ. ಆದರೆ ಬಿಟ್ಟವುಗಳ ಪಟ್ಟಿ ಉದ್ದವಾದಷ್ಟೂ ಪರಿಶುದ್ಧತೆಯಲ್ಲಿ ಬೆಳೆದೆವು ಎಂದುಕೊಳ್ಳುವವರು ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

“ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು” ಎಂದು ದೇವರು ಅಲ್ಲಿ ಹೇಳುತ್ತಾರೆ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಕ್ರೈಸ್ತರಿಗೆ ನೆನಪಿಸುವುದೂ ಇದೇ ಮಾತನ್ನು. ಇಷ್ಟು ದೊಡ್ಡ ಮಾತಿನ ಬೆನ್ನಿಗೆ ಏನು ಬರುತ್ತದೆ? ತಾಯಿ ತಂದೆಯರಿಗೆ ಭಯಭಕ್ತಿ ತೋರಿಸಿರಿ ಎಂಬ ಆಜ್ಞೆ (ಇಲ್ಲಿ ತಾಯಿಯ ಹೆಸರೇ ಮೊದಲು). ಮುಂದೆ ಹೊಲದ ಮಾತು: ಅಂಚಿನ ತನಕ ಕೊಯ್ಯಬೇಡಿರಿ, ಉದುರಿದ ತೆನೆಯನ್ನು ಆರಿಸಬೇಡಿರಿ, ಅದು ಬಡವನಿಗೂ ಪರದೇಶಿಗೂ ಇರಲಿ. ಅಧ್ಯಾಯದ ಕೊನೆಗೆ ಬಂದರೆ ತಕ್ಕಡಿ, ತೂಕದ ಕಲ್ಲು, ಅಳತೆ. ಹಬ್ಬ, ಯಜ್ಞಗಳ ಮಾತೂ ನಡುವೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ದೇವರ ಕಣ್ಣು ಪದೇ ಪದೇ ಹೋಗಿ ನಿಲ್ಲುವುದು ನಮ್ಮ ಕೈಕೆಳಗೆ, ನಮ್ಮ ಪಕ್ಕದಲ್ಲಿ ಇರುವ ಮನುಷ್ಯನ ಮೇಲೆ.

ಅದರಲ್ಲಿ ನನ್ನನ್ನು ಬಿಡದೆ ಕಾಡುವುದು ಕೂಲಿಯ ವಿಷಯ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಎನ್ನುತ್ತದೆ ವಾಕ್ಯ. ಕೂಲಿ ಕೊಡದೆ ಮೋಸ ಮಾಡಿದವನ ಮಾತಲ್ಲ ಇದು. ನಾಳೆ ಕೊಟ್ಟೇ ಕೊಡುತ್ತಾನೆ, ಲೆಕ್ಕದಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ನಡುವೆ ಇರುವುದು ಒಂದು ರಾತ್ರಿ ಮಾತ್ರ. ಕೊಡಬೇಕಾದವನಿಗೆ ಆ ರಾತ್ರಿ ಏನೂ ಅಲ್ಲ. ಸಂಜೆಯ ಪ್ರಾರ್ಥನೆ ಮುಗಿಸಿ ನೆಮ್ಮದಿಯಾಗಿ ಮಲಗುತ್ತಾನೆ. ಇತ್ತ ಕೂಲಿಯವನು ಬರಿಗೈಯಲ್ಲಿ ಮನೆಗೆ ಹೋಗಿ, ಅಪ್ಪ ಏನು ತಂದ ಎಂದು ನೋಡುವ ಮಕ್ಕಳ ಎದುರು ನಿಲ್ಲಬೇಕು. ಅವನು ಬಡವ, ಆ ಕೂಲಿಯ ಮೇಲೆಯೇ ಅವನ ಮನಸ್ಸಿದೆ, ಆದುದರಿಂದ ಹೊತ್ತು ಮುಳುಗುವ ಮೊದಲೇ ಕೊಡು ಎಂದು ಬೈಬಲಿನ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡ ಕಾರಣವನ್ನೂ ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ, ಕೊಯ್ದವರ ಮೊರೆ ಕರ್ತನ ಕಿವಿಗೆ ಬೀಳುತ್ತದೆ ಎನ್ನುತ್ತಾನೆ ತನ್ನ ಪತ್ರಿಕೆಯಲ್ಲಿ ಯಾಕೋಬ.

ಇದರ ಜೊತೆಗೆ ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದ, ಅಂದರೆ ಪರ್ವತ ಪ್ರಸಂಗದ, ಒಂದು ಮಾತನ್ನು ಇಟ್ಟು ನೋಡಬೇಕು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗು ಎಂದನು ಯೇಸು. ಕೇಳುತ್ತಿದ್ದವರು ಗಲಿಲಾಯದಲ್ಲಿ ಕುಳಿತಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಊರಿಗೆ ಹೋಗಿ ಬರಲು ದಿನಗಟ್ಟಲೆ ನಡೆಯಬೇಕು. ಅಷ್ಟು ದಿನ ತನ್ನ ಕಾಣಿಕೆ ಕಾಯಬಹುದು ಎನ್ನುವ ದೇವರು ಕೂಲಿಯವನನ್ನು ಒಂದು ರಾತ್ರಿಯೂ ಕಾಯಿಸಬೇಡ ಎನ್ನುತ್ತಾರೆ.

ಕಿವುಡನನ್ನು ಶಪಿಸಬಾರದು ಎಂಬ ಆಜ್ಞೆಯೂ ಅದೇ ಅಧ್ಯಾಯದಲ್ಲಿದೆ. ಬೈದರೂ ಅವನಿಗೆ ಕೇಳಿಸದು, ನೋಯುವುದೂ ಇಲ್ಲ, ಎದುರುತ್ತರ ಬರುವ ಭಯವೂ ಇಲ್ಲ. ಅದಕ್ಕೇ “ನಿನ್ನ ದೇವರಿಗೆ ಭಯಪಡು” ಎಂಬ ಮಾತು ಅಲ್ಲಿ ಸೇರಿಕೊಂಡಿದೆ. ಎದುರಿಗೆ ಇಲ್ಲದವರ ಬಗ್ಗೆ ನಾವು ಆಡುವ ಮಾತೆಲ್ಲ ಈ ಆಜ್ಞೆಯ ಒಳಗೇ ಬರುತ್ತದೆ ಎಂದು ನಾನು ನಂಬುತ್ತೇನೆ. ಚಾಡಿ ಪ್ರಾರ್ಥನಾ ವಿಷಯದ ವೇಷದಲ್ಲಿಯೂ ಬರುತ್ತದೆ. “ಅವರಿಗಾಗಿ ಪ್ರಾರ್ಥಿಸಿ” ಎಂದು ಶುರುವಾಗುವ ಮಾತು ಹತ್ತು ನಿಮಿಷದಲ್ಲಿ ಅವರ ಮನೆಯ ಗುಟ್ಟನ್ನೆಲ್ಲ ಹರಡಿ ಮುಗಿದಿರುತ್ತದೆ; ಪ್ರಾರ್ಥನೆ ಮಾತ್ರ ಆಗಿರುವುದಿಲ್ಲ.

ಇದನ್ನೆಲ್ಲ ಓದಿ ಎದೆಗುಂದುವವರಿದ್ದಾರೆ. ನನ್ನಿಂದ ಇದು ಆಗುವ ಕೆಲಸವಲ್ಲ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ದೇವರು ಈ ಕೆಲಸವನ್ನು ಎಲ್ಲಿಂದ ಆರಂಭಿಸುತ್ತಾರೆ ಎಂಬುದನ್ನು ಅವರು ಗಮನಿಸಬೇಕು. ಯಾಜಕಕಾಂಡದ ಆಜ್ಞೆಗಳು ಬಂದದ್ದು ಐಗುಪ್ತದ ದಾಸತ್ವದಿಂದ ಆಗಲೇ ಬಿಡುಗಡೆಯಾಗಿದ್ದ ಇಸ್ರಾಯೇಲ್ ಜನರಿಗೆ. ಬಿಡುಗಡೆಗೆ ಅವು ಷರತ್ತಾಗಿರಲಿಲ್ಲ. ಅಪೊಸ್ತಲ ಪೌಲನು ಪತ್ರ ಬರೆದ ಕೊರಿಂಥದ ಸಭೆಯನ್ನು ನೋಡಿರಿ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಬೋಧಕರ ಹೆಸರಿನಲ್ಲಿ ಪಂಗಡ ಕಟ್ಟಿಕೊಂಡವರು, ಸಹೋದರನನ್ನೇ ನ್ಯಾಯಾಲಯಕ್ಕೆ ಎಳೆದವರು, ಕರ್ತನ ಭೋಜನಕ್ಕೆ ಕೂಡಿದಾಗ ಪಕ್ಕದಲ್ಲಿ ಒಬ್ಬ ಹಸಿದಿದ್ದರೂ ತಾವು ಕುಡಿದು ಅಮಲೇರಿಸಿಕೊಂಡವರು. ಇವರಿಗೆ ಬರೆಯುವ ಪೌಲನು ಮೊದಲ ಸಾಲುಗಳಲ್ಲೇ ಅವರನ್ನು ಕ್ರಿಸ್ತ ಯೇಸುವಿನಲ್ಲಿ ಪರಿಶುದ್ಧರಾದವರು ಎಂದು ಕರೆಯುತ್ತಾನೆ. ಬೈಗುಳವೆಲ್ಲ ಆಮೇಲೆ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಯಲ್ಲಿ ನಡೆದದ್ದೂ ಹೀಗೆಯೇ. ತೆಗೆದುಕೊಂಡದ್ದನ್ನು ಹಿಂದಿರುಗಿಸಿ ಬಾ, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಎಂದು ಯೇಸು ಹೇಳಲಿಲ್ಲ. ಜನ ಗೊಣಗುತ್ತಿರುವಾಗಲೇ ಆ ಸುಂಕದವನ ಮನೆಯನ್ನು ಹೊಕ್ಕನು. ಆಗ ಜಕ್ಕಾಯನು ತಾನಾಗಿಯೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಎಂದನು. ಯಾರೂ ಅವನಿಂದ ಅಷ್ಟು ಕೇಳಿರಲಿಲ್ಲ. ಕ್ರಿಸ್ತನು ಒಳಗೆ ಬಂದು ಕುಳಿತ ಮನೆಯಲ್ಲಿ ಕೈ ತಾನಾಗಿಯೇ ಸಡಿಲುತ್ತದೆ.

ಬೆಳವಣಿಗೆ ನಿಧಾನವಾದದ್ದು, ಬೆಳೆಯುವವರಿಗೇ ಅದು ಕಾಣುವುದು ಕಡಿಮೆ. ಪವಿತ್ರಾತ್ಮನ ಫಲವೆಂದು ಪೌಲನು ಗಲಾತ್ಯದವರಿಗೆ ಬರೆದದ್ದನ್ನು ನೋಡಿ: ಪ್ರೀತಿ, ದೀರ್ಘಶಾಂತಿ (ಅಂದರೆ ತಾಳ್ಮೆ), ದಯೆ, ಸಾಧುತ್ವ. ಒಬ್ಬಂಟಿಯಾಗಿ ಕುಳಿತು ಇವುಗಳನ್ನು ಬೆಳೆಸಿಕೊಳ್ಳುವುದು ಹೇಗೆ? ತಾಳ್ಮೆಗೆ ತಾಳ್ಮೆಗೆಡಿಸುವವರು ಬೇಕು. ನಮ್ಮ ಆತ್ಮಿಕ ಜೀವನಕ್ಕೆ ಅಡ್ಡಿ ಎಂದುಕೊಂಡ ವ್ಯಕ್ತಿಯೇ ಎಷ್ಟೋ ಸಲ ದೇವರು ನಮಗೆ ಕೊಟ್ಟ ಪಾಠಶಾಲೆ. ಆದುದರಿಂದ ನಾವು ಬೆಳೆದಿದ್ದೇವೆಯೇ ಎಂದು ನಮ್ಮನ್ನು ಕೇಳಬಾರದು. ಮನೆಗೆಲಸಕ್ಕೆ ಬರುವವರು, ಕಚೇರಿಯಲ್ಲಿ ನಮ್ಮ ಕೈಕೆಳಗಿರುವವರು, ಮುಖ ನೋಡಿಯೇ ನಮ್ಮ ಸಿಟ್ಟನ್ನು ಅಳೆಯಲು ಕಲಿತಿರುವ ಮಕ್ಕಳು ಬಲ್ಲರು.

ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ಬೇಡಿಯಲ್ಲಿದ್ದನು. ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದ, ಅವನ ಸಂಕಟ ಹೆಚ್ಚಿಸಬೇಕೆಂದೇ ಸುವಾರ್ತೆ ಸಾರುತ್ತಿದ್ದರು. ಅವರ ಮೇಲೆ ಕಿಡಿಕಾರಲು ಅವನಿಗೆ ಎಲ್ಲ ಕಾರಣವೂ ಇತ್ತು. ಆದರೆ ಹೇಗಾದರೂ ಕ್ರಿಸ್ತನು ಪ್ರಸಿದ್ಧಿಯಾಗುತ್ತಿದ್ದಾನಲ್ಲಾ, ಅದಕ್ಕೆ ಸಂತೋಷಪಡುತ್ತೇನೆ ಎಂದು ಬರೆದನು. ಅಂಥ ಮನಸ್ಸು ಬರಲಿ ಎಂದು ನಾನು ದಿನವೂ ಬೇಡುತ್ತೇನೆ. ಅದೇ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಅದೇ ಪೌಲನು, ನಾನು ಇಷ್ಟರೊಳಗೇ ಸಿದ್ಧಿಗೆ ಬಂದವನಲ್ಲ, ಕ್ರಿಸ್ತ ಯೇಸು ನನ್ನನ್ನು ಹಿಡಿದುಕೊಂಡಿದ್ದಾನೆ, ಅದಕ್ಕಾಗಿ ಇನ್ನೂ ಓಡುತ್ತಿದ್ದೇನೆ ಎನ್ನುತ್ತಾನೆ.