ಭುಜದೊಳಗಿನ ಕಟಕ್

ಕಾರಿನ ಮುಂದಿನ ಸೀಟಲ್ಲಿ ಕೂತ್ಕೊಂಡೇ ಹಿಂದಿನ ಸೀಟಿನ ಬ್ಯಾಗ್ ಎಳೆಯೋಕೆ ಹೋದೆ, ಭುಜದೊಳಗೆ ಎಲ್ಲೋ ಕಟಕ್ ಅಂತು, ಅಷ್ಟೇ. ಉಳುಕಿರ್ಬೇಕು ಬಿಡು ಅಂತ ಒಂದು ತಿಂಗಳು ಮುಲಾಮು ಸವರ್ಕೊಂಡು ತಿರುಗಾಡಿದ್ದೇ ಬಂತು. ಎಲ್ಲಿ ನೋವು ಅಂತ ಯಾರಾದ್ರೂ ಕೇಳಿದ್ರೆ ಬೆರಳಿಟ್ಟು ತೋರ್ಸೋಕಾಗ್ತಿರ್ಲಿಲ್ಲ, ಒಳಗೆ ಅಂತಿದ್ದೆ. ಶರ್ಟಿನ ಎರಡನೇ ತೋಳಿಗೆ ಕೈ ತೂರಿಸುವಾಗ ಮತ್ತೆ ಅದೇ ಕಟಕ್.

ಕೊನೆಗೆ ಡಾಕ್ಟರ ಹತ್ರ ಹೋದೆ. ಕೈ ಮುಂದಕ್ಕೆ ಚಾಚಿಸಿ, ಸ್ವಲ್ಪ ಎದೆ ಕಡೆ ತಂದು, ಹೆಬ್ಬೆರಳು ನೆಲ ನೋಡೋ ಹಾಗೆ ತಿರುಗಿಸಿ, ನಾನು ಒತ್ತತೀನಿ ನೀವು ತಡೀರಿ ಅಂದ್ರು. ಜೀವ ಹೋದಂಗಾಯ್ತು. ಅಂಗೈ ಮೇಲೆ ಮಾಡಿಸಿ ಅಷ್ಟೇ ಜೋರಾಗಿ ಒತ್ತಿದ್ರೆ ಅದರ ಅರ್ಧ ನೋವೂ ಇಲ್ಲ! ಇದು ಓಬ್ರಯನ್ ಟೆಸ್ಟ್ ಅಂತೆ. ಇದೊಂದನ್ನೇ ನಂಬೋ ಹಾಗಿಲ್ಲ ಅಂತ ಕೀಲಿನೊಳಗೆ ಡೈ ಚುಚ್ಚಿ ಎಂಆರ್‌ಐ ಮಾಡಿದ್ರು, ಒಳಗೆ ಏನಾದ್ರೂ ಹರಿದಿದ್ರೆ ಆ ಸಂದಿಗೆ ಡೈ ನುಗ್ಗಿ ಫಿಲ್ಮಲ್ಲಿ ಕಾಣತ್ತೆ.

ಸೊಂಟದ ಕೀಲು ಒರಳಲ್ಲಿ ಗುಂಡು ಕೂತಂಗೆ ಭದ್ರ, ಭುಜದ್ದು ಹಂಗಲ್ಲ, ಚಪ್ಪಟೆ ತಟ್ಟೆ ಮೇಲೆ ಚೆಂಡು ಇಟ್ಟಂಗೆ. ಅದಕ್ಕೇ ಕೈಯನ್ನ ಎಲ್ಲಾ ಕಡೆ ತಿರುಗಿಸಬಹುದು, ಅದಕ್ಕೇ ಜಾರೋದೂ ಸುಲಭ. ಆ ತಟ್ಟೆ ಅಂಚಿಗೆ ಸುತ್ತ ಕಟ್ಟೆ ಕಟ್ಟಿದಂಗೆ ಕಾರ್ಟಿಲೇಜಿನ ಒಂದು ಉಂಗುರ ಇರತ್ತೆ, ಹೆಸರು ಲೇಬ್ರಮ್. ಗುಂಡಿ ಆಳ ಆಗೋದೇ ಇದರಿಂದ. ತೋಳಿನ ಬೈಸೆಪ್ಸ್ ಸ್ನಾಯುವಿನ ಒಂದು ಹಗ್ಗದಂಥ ಹುರಿ ಈ ಉಂಗುರದ ಮೇಲ್ಭಾಗಕ್ಕೇ ಬಂದು ಅಂಟಿಕೊಳ್ಳತ್ತೆ, ಹಾಗಾಗಿ ಜೋರಾಗಿ ಜಗ್ಗಿದ್ರೆ, ಚಾಚಿದ ಕೈ ಮೇಲೆ ಬಿದ್ರೆ, ವರ್ಷಗಟ್ಟಲೆ ಬಾಲ್ ಎಸೆದ್ರೆ, ಅಲ್ಲೇ ಕಿತ್ತು ಬರತ್ತೆ. ಇದು ಸ್ಲ್ಯಾಪ್ (SLAP) ಟೇರ್, ಟೇರ್ ಅಂದ್ರೆ ಹರಿಯೋದು. ಕಪಾಳಕ್ಕೂ ಇದಕ್ಕೂ ಸಂಬಂಧ ಇಲ್ಲ, ಲೇಬ್ರಮ್ಮಿನ ಮೇಲ್ಭಾಗ ಮುಂದಿಂದ ಹಿಂದಕ್ಕೆ ಹರಿಯೋದನ್ನ ಇಂಗ್ಲಿಷಲ್ಲಿ ಚಿಕ್ಕದು ಮಾಡಿ 1990ರಲ್ಲಿ ಸ್ನೈಡರ್ ಅನ್ನೋ ಸರ್ಜನ್ ತಂಡ ಕೊಟ್ಟ ಹೆಸರು. ಭುಜ ಮುಂದಕ್ಕೆ ಜಾರಿದಾಗ ಮುಂದಿನ ಕೆಳ ಅಂಚು ಹರಿಯೋದು ಬ್ಯಾಂಕಾರ್ಟ್, ಅದು ಬೇರೆ ಕಥೆ, ವಯಸ್ಸಿನ ಹುಡುಗರಿಗೆ ಪದೇ ಪದೇ ಜಾರ್ತಿದ್ರೆ ಆಪರೇಷನ್ ಬಗ್ಗೆ ಗಂಭೀರವಾಗಿ ಯೋಚಿಸ್ಲೇಬೇಕಾಗತ್ತೆ.

ನಂದು ಸ್ಲ್ಯಾಪ್. ರಿಪೋರ್ಟಲ್ಲಿ ಟೇರ್ ಅಂತ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ, ರಕ್ತ ಓಡಾಟ ಕಮ್ಮಿ ಇರೋ ಜಾಗ, ತಾನಾಗೇ ಕೂಡಿಕೊಳ್ಳೋದು ಕಷ್ಟ ಅಂತ ಬೇರೆ ಓದಿದ್ದೆ. ಆಮೇಲೆ ಗೊತ್ತಾಗಿದ್ದು, ಒಂಚೂರೂ ನೋವಿಲ್ಲದ ನಡುವಯಸ್ಸಿನವರ ಎಂಆರ್‌ಐ ತೆಗೆದ್ರೂ ಎಷ್ಟೋ ಜನರಲ್ಲಿ ಇದೇ ಟೇರ್ ಸಿಗತ್ತಂತೆ! ನಾರ್ವೆಯಲ್ಲಿ ಇದೇ ಟೇರಿಂದ ನೋವಿದ್ದ 118 ಜನರನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಲೇಬ್ರಮ್ ಹೊಲಿದು, ಇನ್ನೊಂದಕ್ಕೆ ಬೈಸೆಪ್ಸ್ ಹುರಿಯನ್ನ ಬೇರೆ ಕಡೆ ಕಟ್ಟಿ, ಮೂರನೇದಕ್ಕೆ ಒಳಗೆ ಏನೂ ರಿಪೇರಿ ಮಾಡದೆ, ಆಪರೇಷನ್ ಆದಂಗೆ ಕಾಣ್ಲಿ ಅಂತ ಬರೀ ಗಾಯ ಮಾಡಿ ಕಳಿಸಿದ್ರು. 2017ರಲ್ಲಿ ರಿಸಲ್ಟ್ ಬಂತು, ಎರಡು ವರ್ಷ ಆದ್ಮೇಲೂ ಮೂರರಲ್ಲೂ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ.

ಅದಕ್ಕೇ ನಾನೂ ಡಾಕ್ಟರೂ ಮಾತಾಡ್ಕೊಂಡು ಮೊದ್ಲು ಫಿಸಿಯೋ ನೋಡೋಣ ಅಂದ್ವಿ. ರಬ್ಬರ್ ಬ್ಯಾಂಡ್ ಎಳೆಯೋದು, ರೆಕ್ಕೆ ಮೂಳೆ ಹಿಂದಕ್ಕೆ ಒತ್ತೋದು, ಮಹಾ ಬೋರು. ಈಗ ಮೂರನೇ ತಿಂಗಳು, ಕಟಕ್ ಹಂಗೇ ಇದೆ, ನೋವು ಮಾತ್ರ ಇಲ್ಲ ಅನ್ನೋ ಅಷ್ಟು ಕಮ್ಮಿ. ಶರ್ಟಿಗೆ ಮೊದ್ಲು ಆ ಕೈನೇ ಹಾಕ್ತೀನಿ, ಹಿಂದಿನ ಸೀಟಿನ ಬ್ಯಾಗ್ ಬೇಕಂದ್ರೆ ಕೆಳಗಿಳಿದು ಡೋರ್ ತೆಗೀತೀನಿ.